ಇಪ್ಪತ್ತು ವರ್ಷ ಕಾದ ಕಾನೂನು: ಅಲನ್ ಸ್ಪಿಯರ್ ಅವರ ನೆನಪು

ನಮ್ಮ ಕಡೆ ಹಾಡಿಗೆ ಸಿಗುವವರು ಬಹಳ ಮಟ್ಟಿಗೆ ಕೊಲೆಯಾದವರು, ನೇಣಿಗೇರಿದವರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು, ಅವನ ಲಾವಣಿ ಇವತ್ತಿಗೂ ನಿಂತಿಲ್ಲ. ಊರ ಮುಂದಿನ ವೀರಗಲ್ಲಿನದೂ ಇದೇ ಕಥೆ. ತುರು ಕಾದು ಸತ್ತವನಿಗೆ ಕಲ್ಲು ನಿಂತಿತು, ಅದೇ ತುರುಗಳನ್ನು ನಲವತ್ತು ವರ್ಷ ಮೇಯಿಸಿ ಮುದುಕನಾಗಿ ಸತ್ತವನಿಗೆ ಏನೂ ಇಲ್ಲ. ಗುಂಡು ತಿನ್ನದೆ, ಶಾಸನ ಸಭೆಯಲ್ಲಿ 28 ವರ್ಷ ಕೂತು, ಒಂದೇ ಕಾನೂನಿನ ಬೆನ್ನು ಬಿಡದೆ ಹಿಡಿದು ಅದನ್ನು ದಡ ಸೇರಿಸಿದ ಒಬ್ಬರ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ. ಅವರ ಹೆಸರು ಅಲನ್ ಸ್ಪಿಯರ್. ಊರು ಅಮೆರಿಕದ ಮಿನಿಯಾಪೊಲಿಸ್. ಅವರು ಸಲಿಂಗಪ್ರೇಮಿ. ಅದನ್ನು ಮುಚ್ಚಿಡದೆ ಊರಿಗೆಲ್ಲ ಹೇಳಿ, ಆಮೇಲೂ ಜನರ ಓಟು ಪಡೆದು ಗೆದ್ದ ಮೊದಲಿಗರಲ್ಲಿ ಒಬ್ಬರು.

ಮೊದಲು ಪದದ ಅರ್ಥ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ಕಟ್ಟೆಯ ಮೇಲೆ ಎಲ್ಲವನ್ನೂ ಕಲಸಿ ಆಡಿಕೊಳ್ಳುವ ರೂಢಿ ಇದೆ. ಗಂಡಸಾಗಿದ್ದು ಗಂಡಸನ್ನೇ ಮೆಚ್ಚುವವರು, ಹೆಂಗಸಾಗಿದ್ದು ಹೆಂಗಸನ್ನೇ ಮೆಚ್ಚುವವರು ಸಲಿಂಗಪ್ರೇಮಿಗಳು. ಜೋಗಪ್ಪಗಳ ವಿಚಾರ ಬೇರೆ. ಅವರು ಗಂಡಾಗಿ ಹುಟ್ಟಿ, ಒಳಗೆ ತಾನು ಹೆಣ್ಣು ಅಂತ ತಿಳಿದು, ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟವರು. ಇಂಥವರಿಗೆಲ್ಲ ಈಗ ಲಿಂಗತ್ವ ಅಲ್ಪಸಂಖ್ಯಾತರು ಅಂತಾರೆ. ಇಬ್ಬರ ದಾರಿ ಬೇರೆಯಾದರೂ ಊರು ಕೊಡುವ ಪೆಟ್ಟು ಒಂದೇ.

ಸ್ಪಿಯರ್ ಹುಟ್ಟಿದ್ದು 1937ರಲ್ಲಿ, ಇಂಡಿಯಾನಾ ರಾಜ್ಯದ ಮಿಶಿಗನ್ ಸಿಟಿ ಎಂಬ ಪಟ್ಟಣದಲ್ಲಿ. ಚೆನ್ನಾಗಿ ಓದಿ, 1964ರಲ್ಲಿ ಮಿನಿಸೋಟ ವಿಶ್ವವಿದ್ಯಾಲಯಕ್ಕೆ ಚರಿತ್ರೆಯ ಮೇಷ್ಟರಾಗಿ ಬಂದರು. ಮಿನಿಸೋಟ ಅಂದರೆ ಅಮೆರಿಕದ ಬಡಗಣ ತುದಿಯ ರಾಜ್ಯ. ಹತ್ತು ಸಾವಿರ ಕೆರೆಗಳ ನಾಡು ಅಂತ ಅದಕ್ಕೆ ಹೆಸರು. ಮಳೆಗೆ ಮುಖ ಎತ್ತಿ ಕಡ್ಲೆಕಾಯಿ ಬಿತ್ತುವ ನಮಗೆ ಇದು ಕೇಳೋದಕ್ಕೇ ಹೊಟ್ಟೆಕಿಚ್ಚು. ಆದರೆ ಚಳಿಗಾಲದಲ್ಲಿ ಆ ಕೆರೆಗಳೆಲ್ಲ ಕಲ್ಲಿನಂಗೆ ಹೆಪ್ಪುಗಟ್ಟುತ್ತವೆ.

ಅವರು 1967ರಲ್ಲಿ ಒಂದು ಪುಸ್ತಕ ಬರೆದರು. ಚಿಕಾಗೊ ನಗರದಲ್ಲಿ 1890ರಿಂದ 1920ರವರೆಗೆ ಕಪ್ಪು ಜನರಿಗೆ ಬೇರೆ ಕೇರಿ ಹೇಗೆ ಹುಟ್ಟಿತು ಎಂಬುದೇ ಅದರ ವಿಷಯ. ಕೆಲಸ ಹುಡುಕಿ ಬಂದ ಜನಕ್ಕೆ ಬಿಳಿಯರ ಬೀದಿಯಲ್ಲಿ ಮನೆ ಸಿಗಲಿಲ್ಲ, ಒಂದೇ ಕಡೆ ಒತ್ತಿ ಕೂಡಿಸಿದರು, ಆಮೇಲೆ ಆ ಕೇರಿಯೇ ಕೊಳಕು ಅಂತ ಬೈದರು. ಕೇರಿ ಅಂದರೆ ಏನು ಅಂತ ಬೆಳುಗುಪ್ಪದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಕೊಡೋದಿಲ್ಲ, ಕೆಲಸ ಕೊಡೋದಿಲ್ಲ ಅನ್ನುವ ಎರಡು ಮಾತು ಮನುಷ್ಯನನ್ನು ಎಲ್ಲಿಗೆ ತಳ್ಳುತ್ತವೆ ಎಂಬುದನ್ನು ಸ್ಪಿಯರ್ ಬೇರೆಯವರ ಬಾಳಿನಲ್ಲಿ ಮೊದಲು ಓದಿದರು. ಅದೇ ಮಾತು ತನ್ನಂಥವರಿಗೂ ತಗಲುತ್ತದೆ ಎಂಬುದನ್ನು ಒಳಗೇ ಇಟ್ಟುಕೊಂಡಿದ್ದರು.

1972ರ ಚುನಾವಣೆಯಲ್ಲಿ ಅವರು ರಾಜ್ಯದ ಸೆನೆಟ್‌ಗೆ ಆರಿಸಿ ಬಂದರು. ನಮ್ಮ ವಿಧಾನ ಪರಿಷತ್ತಿನಂಗೆ ಅದು ಮೇಲ್ಮನೆ, ಆದರೆ ಅಲ್ಲಿನ 67 ಸದಸ್ಯರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಮರು ವರ್ಷವೇ ಅವರ ಪಕ್ಷದ ಸದನ ನಾಯಕ ನಿಕ್ ಕೋಲ್ಮನ್ ಒಂದು ಮಸೂದೆ ತಂದರು. ಸಲಿಂಗಪ್ರೇಮಿ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದು, ಬಾಡಿಗೆ ಮನೆಯಿಂದ ಹೊರಗೆ ಹಾಕಬಾರದು ಎಂಬುದು ಅದರ ಸಾರ. ಪಾಸಾಗಲಿಲ್ಲ. ತಂದವರು ಹೆಂಡತಿ ಮಕ್ಕಳಿದ್ದ ಸಂಸಾರಸ್ಥರು. ಯಾರಿಗಾಗಿ ತಂದರೋ ಅಂಥವರೊಬ್ಬರು ಅದೇ ಸದನದಲ್ಲಿ ಕೂತಿದ್ದರು, ಆದರೆ ನಾನೂ ಅಂಥವನೇ ಎಂದು ಇನ್ನೂ ಊರಿಗೆ ಹೇಳಿರಲಿಲ್ಲ.

1974ರ ಡಿಸೆಂಬರ್‌ನಲ್ಲಿ ಸ್ಪಿಯರ್ ಮಿನಿಯಾಪೊಲಿಸ್ ಸ್ಟಾರ್ ಪತ್ರಿಕೆಗೆ ಸಂದರ್ಶನ ಕೊಟ್ಟು ಎಲ್ಲವನ್ನೂ ಹೇಳಿಬಿಟ್ಟರು. ಅದೇ ವರ್ಷ ಏಪ್ರಿಲ್‌ನಲ್ಲಿ ಆನ್ ಆರ್ಬರ್ ನಗರಸಭೆಗೆ ಕ್ಯಾಥಿ ಕೊಜಚೆಂಕೊ, ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ಶಾಸನ ಸಭೆಗೆ ಎಲೇನ್ ನೋಬಲ್ ಎಂಬ ಇಬ್ಬರು ಹೆಣ್ಣುಮಕ್ಕಳು ತಾವು ಸಲಿಂಗಪ್ರೇಮಿಗಳೆಂದು ಮರೆಮಾಚದೆ ಗೆದ್ದಿದ್ದರು. ಸ್ಪಿಯರ್ ಆಗಲೇ ಗೆದ್ದು ಕೂತಿದ್ದವರು. ಸುಮ್ಮನಿದ್ದಿದ್ದರೆ ಕುರ್ಚಿಗೆ ಅಪಾಯ ಇರಲಿಲ್ಲ. ಹೇಳಿದ್ದರಿಂದ ಮುಂದಿನ ಚುನಾವಣೆಯಲ್ಲಿ ಎಲ್ಲವನ್ನೂ ಪಣಕ್ಕೆ ಇಟ್ಟಂಗಾಯಿತು. 1976ರಲ್ಲಿ ಅವರ ಕ್ಷೇತ್ರದ ಜನ ಮತ್ತೆ ಗೆಲ್ಲಿಸಿದರು. ಆಮೇಲೂ ಗೆಲ್ಲಿಸುತ್ತಲೇ ಹೋದರು.

ಆದರೆ ಮಸೂದೆ ಮುಂದಕ್ಕೆ ಹೋಗಲಿಲ್ಲ. 1975ರಲ್ಲಿ ಮತ್ತೆ ತಂದಾಗ ಹೊರಗಿನವರ ಜತೆ ತಮ್ಮವರ ಸಿಟ್ಟನ್ನೂ ಸ್ಪಿಯರ್ ಎದುರಿಸಬೇಕಾಯಿತು. ಮಸೂದೆ ಹೇಗಾದರೂ ಪಾಸಾಗಲಿ ಅಂತ ಲಿಂಗತ್ವ ಅಲ್ಪಸಂಖ್ಯಾತರನ್ನು ಅದರಲ್ಲಿ ಸೇರಿಸಿರಲಿಲ್ಲ. ನಮ್ಮನ್ನು ಹಿಂದೆ ಬಿಟ್ಟು ನೀವು ದಾಟಿಕೊಳ್ಳುತ್ತೀರಾ ಎಂದು ಹೋರಾಟಗಾರರು ಅವರ ಮೇಲೇ ತಿರುಗಿಬಿದ್ದರು. ಆ ಸಿಟ್ಟಿನಲ್ಲಿ ನ್ಯಾಯ ಇತ್ತು ಅಂತಲೇ ನನ್ನ ಎಣಿಕೆ. ಅಷ್ಟು ಬಿಟ್ಟುಕೊಟ್ಟರೂ ಮಸೂದೆ ಬಿದ್ದೇ ಹೋಯಿತು.

1978 ಬಹಳ ಕೆಟ್ಟ ವರ್ಷ. ಪಕ್ಕದ ಸೇಂಟ್ ಪಾಲ್ ನಗರದಲ್ಲಿ ಇಂಥದೇ ಒಂದು ನಗರ ಕಾನೂನು 1974ರಿಂದ ಜಾರಿಯಲ್ಲಿತ್ತು. ಅದು ಬೇಕೋ ಬೇಡವೋ ಎಂದು ಏಪ್ರಿಲ್‌ನಲ್ಲಿ ಊರಿನವರ ಓಟಿಗೆ ಹಾಕಿದರು. ಬೇಡ ಎಂದವರೇ ಹೆಚ್ಚಾಗಿ ಕಾನೂನು ರದ್ದಾಯಿತು. ಅದೇ ವರ್ಷ ನವೆಂಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹಾರ್ವೆ ಮಿಲ್ಕ್ ಎಂಬವರನ್ನು, ಜತೆಗೆ ಆ ನಗರದ ಮೇಯರ್ ಜಾರ್ಜ್ ಮಾಸ್ಕೋನಿಯನ್ನು ಹಳೆ ಸದಸ್ಯನೊಬ್ಬ ಕಚೇರಿಯಲ್ಲೇ ಗುಂಡಿಟ್ಟು ಕೊಂದ. ಮಿಲ್ಕ್ ಕ್ಯಾಮೆರಾ ಅಂಗಡಿ ಇಟ್ಟುಕೊಂಡಿದ್ದ, ಮೂರು ಸಲ ಸೋತು ನಾಲ್ಕನೇ ಸಲ ಗೆದ್ದ ಸಲಿಂಗಪ್ರೇಮಿ ನಾಯಕ. ಅಧಿಕಾರ ವಹಿಸಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅವತ್ತು ರಾತ್ರಿ ಸಾವಿರಾರು ಜನ ಮೊಂಬತ್ತಿ ಹಿಡಿದು ಬೀದಿಗೆ ಬಂದರು. ಇವತ್ತು ಅವರ ಮೇಲೆ ಸಿನಿಮಾ ಇದೆ, ಅಂಚೆ ಚೀಟಿ ಇದೆ. ಅವರ ಹೆಸರು ಉಳಿದದ್ದು ನ್ಯಾಯವೇ. ಸ್ಪಿಯರ್ ಅವರ ಹೆಸರು ದೂರ ಹೋಗಲಿಲ್ಲ, ಯಾಕಂದರೆ ಅವರು ಮರುದಿನವೂ ಹೋಗಿ ತಮ್ಮ ಜಾಗದಲ್ಲಿ ಕೂತರು.

ಕೂತು ಮಾಡಿದ್ದೇನು? ಮೊದಲನೆಯದು, ಎಲ್ಲ ಕೆಲಸವನ್ನೂ ಮಾಡಿದರು. ಎಂಬತ್ತರ ದಶಕದಲ್ಲಿ ಸೆನೆಟ್‌ನ ನ್ಯಾಯಾಂಗ ಸಮಿತಿಗೆ ಅಧ್ಯಕ್ಷರಾದರು. ಅಪರಾಧ, ಶಿಕ್ಷೆ, ಕೋರ್ಟು ಕಚೇರಿಗೆ ಸೇರಿದ ಮಸೂದೆಗಳು ಈ ಸಮಿತಿಯ ಕೈ ದಾಟಿಯೇ ಸದನಕ್ಕೆ ಬರಬೇಕು. ಮಡಿಗೆ ನೀರು ಕಟ್ಟುವವನ ಕೆಲಸ ಇದ್ದಂಗೆ: ಎಲ್ಲಿ ಮುರಿಯಬೇಕು, ಎಲ್ಲಿ ಕಟ್ಟಬೇಕು ಅಂತ ನೋಡಿಕೊಳ್ಳಬೇಕು. ಇವರು ಒಂದೇ ವಿಷಯದ ಮನುಷ್ಯ ಅಂತ ಮೊದಲು ಮುಖ ತಿರುಗಿಸಿದವರೂ ಕ್ರಮೇಣ ಇವರ ಮಾತಿಗೆ ಕಿವಿ ಕೊಟ್ಟರು. 1993ರಲ್ಲಿ ಆ ಸದನವೇ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು.

ಅದೇ ವರ್ಷ ಹಳೆಯ ಮಸೂದೆ ಮತ್ತೆ ಬಂತು. ಜನಾಂಗ, ಬಣ್ಣ, ಧರ್ಮ ನೋಡಿ ಭೇದ ಮಾಡಬಾರದು ಎನ್ನುವ ಮಾನವ ಹಕ್ಕು ಕಾಯಿದೆ ಆ ರಾಜ್ಯದಲ್ಲಿ ಮೊದಲೇ ಇತ್ತು. ಅದಕ್ಕೆ ಇನ್ನೊಂದು ಕಾರಣವನ್ನು ಸೇರಿಸಬೇಕಿತ್ತು, ಅಷ್ಟೆ. ಸ್ಪಿಯರ್‌ಗೆ ಆಗ 55 ವರ್ಷ. ಸದನದಲ್ಲಿ ಎದ್ದು ನಿಂತು ತಮ್ಮ ಬಾಳನ್ನೇ ಸಾಕ್ಷಿಗೆ ಇಟ್ಟರು. ಇದು ನಾನು ಆರಿಸಿಕೊಂಡದ್ದಲ್ಲ, ಈ ವಯಸ್ಸಿನಲ್ಲಿ ಬಂದು ಹೋಗುವ ಹುಡುಗಾಟವೂ ಅಲ್ಲ ಎಂಬರ್ಥದಲ್ಲಿ ಮಾತಾಡಿದರು. ಎದುರು ಪಕ್ಷದ ನಾಯಕ ಡೀನ್ ಜಾನ್ಸನ್ ಚರ್ಚಿನ ಪಾದ್ರಿ. ಅವರೂ ಪರವಾಗಿ ನಿಂತರು. ಎರಡೂ ಸದನ ಒಪ್ಪಿದವು. ಏಪ್ರಿಲ್ 2ರಂದು ರಾಜ್ಯಪಾಲ ಆರ್ನಿ ಕಾರ್ಲ್‌ಸನ್ ಸಹಿ ಹಾಕಿದರು, ಅವರೂ ಎದುರು ಪಕ್ಷದವರೇ.

1973ರಿಂದ 1993ಕ್ಕೆ ಇಪ್ಪತ್ತು ವರ್ಷ. ಈ ಸಲ ಕಾನೂನಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದರು. ಅವರಿಗೆ ರಕ್ಷಣೆ ಕೊಟ್ಟ ಅಮೆರಿಕದ ಮೊದಲ ರಾಜ್ಯ ಮಿನಿಸೋಟವೇ. 1975ರಲ್ಲಿ ಹಿಂದೆ ಬಿಟ್ಟವರನ್ನು ಕೊನೆಗೆ ಜತೆಯಲ್ಲೇ ದಾಟಿಸಿದಂಗಾಯಿತು.

ಇದನ್ನು ಬೆಳುಗುಪ್ಪದಲ್ಲಿ ಕೂತು ಯಾಕೆ ಓದಬೇಕು ಅಂತ ಕೇಳಬಹುದು. ನಾವು ಇಲ್ಲಿ ಕನ್ನಡ ಆಡುವ ಜನ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರವನ್ನು ಬೇರೆ ಮಾಡಿದರು. 1953ರಲ್ಲಿ ಆಂಧ್ರ ರಾಜ್ಯವಾದಾಗ ನಾವು ತೆಲುಗು ನಾಡಿನೊಳಗೆ ಉಳಿದ ಕನ್ನಡದವರಾದೆವು. ನಮ್ಮ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕು ಅನ್ನುವುದಕ್ಕೆ ಸಂವಿಧಾನದಲ್ಲಿ 350ಎ ವಿಧಿ ಇದೆ. ಅದನ್ನು 1956ರಲ್ಲಿ ಸೇರಿಸಿದರು. ನಮ್ಮನ್ನು ಊರಿನವರ ಓಟಿಗೆ ಹಾಕಿ ಎಣಿಸಿದರೆ ನಾವೂ ಸೋಲುವವರೇ. ತಲೆ ಎಣಿಕೆಯಲ್ಲಿ ಕಮ್ಮಿ ಇರುವವರಿಗೆ ಕಾನೂನು ಯಾಕೆ ಬೇಕು ಎಂಬುದು ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು?

ನಮ್ಮ ದೇಶದಲ್ಲೂ ದಾರಿ ತೆರೆದಿದೆ. ಮಧ್ಯಪ್ರದೇಶದ ಸೊಹಾಗ್‌ಪುರದಿಂದ ಶಬನಂ ಮೌಸಿ ಶಾಸಕಿಯಾದರು. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರಿಗೆ ಮನ್ನಣೆ ಕೊಟ್ಟಿತು. ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಇಬ್ಬರು ವಯಸ್ಕರು ಒಪ್ಪಿ ಕೂಡುವುದೂ ಅಪರಾಧವಾಗಿತ್ತು. 2018ರ ಸೆಪ್ಟೆಂಬರ್ 6ರಂದು ಕೋರ್ಟು ಆ ಭಾಗವನ್ನು ತೆಗೆದುಹಾಕಿತು. ಪಕ್ಕದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆದರು. ತಲೆ ಮೇಲೆ ಕೊಡ ಹೊತ್ತು ಕುಣಿದು ಬಂದವರು ಆ ಕುರ್ಚಿಯಲ್ಲಿ ಕೂತದ್ದು ಹಾಡುವವರಾದ ನಮಗೆಲ್ಲ ಹೆಮ್ಮೆ.

ಆದರೂ ಊರಾಗಿನ ಮಾತು ಬದಲಾಗಿಲ್ಲ. ನಮ್ಮ ಭಜನೆ ಮೇಳದಲ್ಲಿ ತಾಳ ಹಾಕುತ್ತಿದ್ದ ಹುಡುಗನೊಬ್ಬ ಇದ್ದ. ಅವನ ತಾಳ ಇದ್ದರೆ ನನ್ನ ದನಿ ತಾನಾಗಿ ಮೇಲೇಳುತ್ತಿತ್ತು. ನನಗೆ ಹೆಣ್ಣು ನೋಡಬೇಡಿ ಅಂತ ಮನ್ಯಾಗೆ ಬೇಡಿಕೊಂಡ, ಕಾರಣವನ್ನೂ ಹೇಳಿದ. ಹೊಡೆತ ಬಿತ್ತು. ಲಗ್ನಕ್ಕೆ ವಾರ ಇರುವಾಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದ. ಅಲ್ಲಿ ಬಾಡಿಗೆ ಮನೆಯವರಿಗೆ ವಿಷಯ ಗೊತ್ತಾದಾಗಲೆಲ್ಲ ಗಂಟುಮೂಟೆ ಕಟ್ಟುತ್ತಾನಂತೆ. ಅವನ ತಾಯಿ ನನ್ನನ್ನು ಕಂಡಾಗಲೆಲ್ಲ, ಮಾವ, ಏನಾದರೂ ಫೋನು ಬಂತಾ ಅಂತ ಕೇಳುತ್ತಾಳೆ. ಸ್ಪಿಯರ್ ಇಪ್ಪತ್ತು ವರ್ಷ ಕಾದು ತಂದ ಕಾನೂನಿನಲ್ಲಿ ಇದ್ದದ್ದು ಇಂಥ ಹುಡುಗನ ಬಾಡಿಗೆ ಮನೆ ಮತ್ತು ಕೂಲಿ, ಅಷ್ಟೆ.

ಸ್ಪಿಯರ್ 2001ರ ಜನವರಿಯಲ್ಲಿ ಸೆನೆಟ್‌ನಿಂದ ನಿವೃತ್ತರಾದರು. 2008ರ ಅಕ್ಟೋಬರ್ 11ರಂದು, ಹೃದಯದ ಶಸ್ತ್ರಚಿಕಿತ್ಸೆ ಆದ ಮೇಲಿನ ತೊಂದರೆಯಿಂದ ಮಿನಿಯಾಪೊಲಿಸ್‌ನಲ್ಲಿ ತೀರಿಕೊಂಡರು. ಆಗ 71 ವರ್ಷ. ಬರೆಯುತ್ತಿದ್ದ ಆತ್ಮಕಥೆ ಅರ್ಧಕ್ಕೇ ನಿಂತಿತ್ತು, 2010ರಲ್ಲಿ ಅಚ್ಚಾಯಿತು. 2013ರಲ್ಲಿ ಮಿನಿಸೋಟ ಸಲಿಂಗಪ್ರೇಮಿಗಳ ಮದುವೆಗೂ ಕಾನೂನು ಮಾಡಿತು. ಅದನ್ನು ನೋಡಲು ಅವರಿರಲಿಲ್ಲ.

ಶಾಲೆಯ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ. ಶಾಸನ ಸಭೆಯ ಪಾಠ ಮಾಡುವಾಗ ಇವರ ಕಥೆಯನ್ನೂ ಹೇಳಿ. ಮಸೂದೆ ಬಿದ್ದರೆ ಮತ್ತೆ ತರಬಹುದು, ಎದುರು ಪಕ್ಷದವರ ಮನಸ್ಸನ್ನೂ ಗೆಲ್ಲಬಹುದು ಎಂಬುದು ಮಕ್ಕಳಿಗೆ ತಿಳಿಯಲಿ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಒಂದು ಮಗು ಅದನ್ನು ಕೇಳಿಸಿಕೊಳ್ಳಬಹುದು. ಮನೆಯವರಲ್ಲಿ ಕೇಳುವುದು ಇನ್ನೂ ಕಮ್ಮಿ: ಮಗ ಬಾಯಿಬಿಟ್ಟು ಹೇಳಿದರೆ ಕೈ ಎತ್ತಬೇಡಿ, ಕೂಡ್ರಿಸಿ ಅನ್ನ ಬಡಿಸಿ. ಮಿಕ್ಕ ಮಾತು ಆಮೇಲೆ ಆಗಲಿ.