ಬೈರೂತ್ ಪೇಟೆ: ಅಂಗಡಿ ಹೋಯಿತು, ಷೇರು ಬಂತು

ಬೈರೂತ್‌ನ ಕಡಲ ದಂಡೆಯಲ್ಲಿ ಸೈಂಟ್ ಜಾರ್ಜ್ ಎಂಬ ಹಳೆಯ ಹೋಟೆಲಿದೆ. 1930ರ ದಶಕದಲ್ಲಿ ಕಟ್ಟಿದ್ದು. ಲೆಬನಾನಿನ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಆ ಕಟ್ಟಡದ ಮೇಲೆ, ಯುದ್ಧ ಮುಗಿದ ನಂತರ, ವರ್ಷಗಟ್ಟಲೆ ಒಂದು ಭಾರೀ ಬ್ಯಾನರ್ ನೇತಾಡುತ್ತಿತ್ತು. ಅದರಲ್ಲಿದ್ದುದು ಎರಡೇ ಪದ: ‘ಸ್ಟಾಪ್ ಸೊಲಿಡೇರ್.’ ಹೋಟೆಲಿನ ಮುಂದಿರುವ ಕೊಲ್ಲಿ ಮತ್ತು ದೋಣಿಕಟ್ಟೆಯ ಹಕ್ಕು ಯಾರದು ಎಂಬ ವ್ಯಾಜ್ಯವದು. 2005ರ ಫೆಬ್ರವರಿ 14ರಂದು ಮಾಜಿ ಪ್ರಧಾನಿ ರಫೀಕ್ ಹರೀರಿಯವರು ಬಾಂಬ್ ಸ್ಫೋಟಕ್ಕೆ ಬಲಿಯಾದದ್ದು ಇದೇ ಹೋಟೆಲಿನೆದುರು. ಸೊಲಿಡೇರ್ ಕಂಪೆನಿಯ ಹಿಂದಿನ ಪ್ರೇರಕ ಶಕ್ತಿ ಅವರೇ ಆಗಿದ್ದರು.

ಹರೀರಿಯವರ ಕೊಲೆಯ ಬಗ್ಗೆ ಜಗತ್ತು ಬಹಳಷ್ಟು ಬರೆದಿದೆ. ಆದರೆ ಆ ಬ್ಯಾನರಿನ ಹಿಂದಿದ್ದ ಆಸ್ತಿ ಜಗಳ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಒಂದು ನಗರದ ಇಡೀ ಹೃದಯಭಾಗವನ್ನು ಅದರ ಮಾಲಕರಿಂದ ಕಾನೂನುಬದ್ಧವಾಗಿಯೇ ಕಿತ್ತುಕೊಂಡು ಖಾಸಗಿ ಕಂಪೆನಿಯೊಂದರ ಕೈಗೆ ಒಪ್ಪಿಸಿದ ಕತೆಯದು.

ಯುದ್ಧಕ್ಕೆ ಮೊದಲು ಹಳೆ ಬೈರೂತ್‌ನ ಜೀವಾಳವಾಗಿದ್ದುದು ಅದರ ಸೂಕ್‌ಗಳು, ಅಂದರೆ ಪೇಟೆಗಳು. ಸೂಕ್ ಅತ್ತವೀಲ, ಸೂಕ್ ಅಯ್ಯಾಸ್, ಸೂಕ್ ಸುರ್ಸುಕ್, ತರಕಾರಿಗೆ ನೂರಿಯ್ಯ, ಚಿನ್ನಕ್ಕೆ ಸಾಗ. ಇವುಗಳ ಪಕ್ಕದಲ್ಲೇ ಹುತಾತ್ಮರ ಚೌಕ. ಜನರ ಬಾಯಲ್ಲಿ ಅದು ‘ಬುರ್ಜ್’. ದೇಶದ ಮೂಲೆಮೂಲೆಗೆ ಹೋಗುವ ಬಸ್ಸುಗಳೂ, ‘ಸರ್ವೀಸ್’ ಎನ್ನುವ ಶೇರ್ ಟ್ಯಾಕ್ಸಿಗಳೂ ಅಲ್ಲಿಂದಲೇ ಹೊರಡುತ್ತಿದ್ದವು. ದಕ್ಷಿಣದ ಶಿಯಾ ರೈತ, ಬೆಟ್ಟದ ದ್ರೂಸ್, ಉತ್ತರದ ಮಾರೊನೈಟ್ ಕ್ರೈಸ್ತ, ತ್ರಿಪೋಲಿಯ ಸುನ್ನಿ ಎಲ್ಲರೂ ಇಳಿಯುವ ಜಾಗ ಒಂದೇ. ಪೇಟೆ ನಡೆಯುವುದು ಗಿರಾಕಿ ಬಂದು ಇಳಿಯುವ ಜಾಗದಿಂದ. ಬಸ್‌ಸ್ಟ್ಯಾಂಡ್ ಊರ ಹೊರಗೆ ಹೋದಾಗ ಹಳೆ ಪೇಟೆಯ ಅಂಗಡಿಗಳಿಗೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲಾ ಕೇಂದ್ರಗಳ ವರ್ತಕರಿಗೆ ವಿವರಿಸಬೇಕಿಲ್ಲ.

1975ರಲ್ಲಿ ಯುದ್ಧ ಆರಂಭವಾದಾಗ ಪೂರ್ವ ಮತ್ತು ಪಶ್ಚಿಮ ಬೈರೂತ್‌ಗಳನ್ನು ಸೀಳಿದ ‘ಹಸಿರು ರೇಖೆ’ ಇದೇ ಚೌಕದ ಮೂಲಕ ಹಾದುಹೋಯಿತು. ಹದಿನೈದು ವರ್ಷ ಅಲ್ಲಿ ವ್ಯಾಪಾರವಿಲ್ಲ, ಬರೀ ಗುಂಡು. ಜನರಿಲ್ಲದ ಬೀದಿಗಳಲ್ಲಿ ಗಿಡಗಂಟಿ ಬೆಳೆದವು. 1990ರಲ್ಲಿ ಯುದ್ಧ ನಿಂತಾಗ ಅಂಗಡಿಯವರು ಬೀಗದ ಕೈಗಳನ್ನಿಟ್ಟುಕೊಂಡು ಕಾದಿದ್ದರು.

1991ರ ಡಿಸೆಂಬರಿನಲ್ಲಿ 117ನೇ ಕಾನೂನು ಜಾರಿಗೆ ಬಂತು. ಹಾನಿಗೊಂಡ ಪ್ರದೇಶಗಳ ಪುನರ್ನಿರ್ಮಾಣಕ್ಕೆ ಒಂದೇ ರಿಯಲ್ ಎಸ್ಟೇಟ್ ಕಂಪೆನಿ ರಚಿಸಿ, ಅಲ್ಲಿನ ಸ್ಥಿರಾಸ್ತಿಗಳನ್ನೆಲ್ಲ ಅದಕ್ಕೆ ವರ್ಗಾಯಿಸಬಹುದು ಎಂದಿತು ಆ ಕಾನೂನು. ಮಾಲಕರಿಗೆ ಹಣವಿಲ್ಲ, ಷೇರು. 1992ರ ಅಕ್ಟೋಬರಿನಲ್ಲಿ ಹರೀರಿ ಪ್ರಧಾನಿಯಾದರು. ಸೌದಿ ಅರೇಬಿಯದಲ್ಲಿ ಗುತ್ತಿಗೆದಾರರಾಗಿ ಸಂಪತ್ತು ಗಳಿಸಿದ್ದ ಅವರು ಕಂಪೆನಿಯ ದೊಡ್ಡ ಷೇರುದಾರರೂ ಆದರು. 1994ರ ಮೇ ತಿಂಗಳಲ್ಲಿ ಸೊಲಿಡೇರ್ ಸ್ಥಾಪನೆಯಾಯಿತು. ಬಂಡವಾಳ 182 ಕೋಟಿ ಡಾಲರ್. ಅದರಲ್ಲಿ 117 ಕೋಟಿ ಮಾಲಕರ ಮತ್ತು ಬಾಡಿಗೆದಾರರ ಹಕ್ಕುಗಳ ಬದಲಿಗೆ ಕೊಟ್ಟ ಷೇರು, 65 ಕೋಟಿ ಹೊರಗಿನ ಹೂಡಿಕೆದಾರರದು.

ಲೆಬನಾನ್ ಸಂವಿಧಾನದ 15ನೇ ವಿಧಿ ಆಸ್ತಿಯ ಹಕ್ಕಿಗೆ ರಕ್ಷಣೆ ನೀಡುತ್ತದೆ. ಸಾರ್ವಜನಿಕ ಉಪಯೋಗಕ್ಕಾಗಿ ಮಾತ್ರ, ಅದೂ ನ್ಯಾಯವಾದ ಪರಿಹಾರವನ್ನು ಮುಂಚಿತವಾಗಿ ಕೊಟ್ಟು, ಆಸ್ತಿಯನ್ನು ವಶಪಡಿಸಿಕೊಳ್ಳಬಹುದೆಂದು ಅದು ಹೇಳುತ್ತದೆ. ಲಾಭಕ್ಕಾಗಿ ನಡೆಯುವ ಕಂಪೆನಿ ‘ಸಾರ್ವಜನಿಕ ಉಪಯೋಗ’ವಾಗುವುದು ಹೇಗೆ, ಮುಂದೆಂದೋ ಲಾಭ ಬಂದರೆ ಬರಬಹುದಾದ ಷೇರು ‘ಮುಂಚಿತ ಪರಿಹಾರ’ವಾಗುವುದು ಹೇಗೆ ಎಂಬುದೇ ವಿರೋಧಿಗಳ ಪ್ರಶ್ನೆ. ಮಾಲಕರು ಸಂಘಟಿತರಾದರು, ನ್ಯಾಯಾಲಯದ ಮೆಟ್ಟಿಲೇರಿದರು. ಎಂಜಿನಿಯರ್‌ಗಳ ಹಾಗೂ ವಾಸ್ತುಶಿಲ್ಪಿಗಳ ಸಂಘದ ಅಧ್ಯಕ್ಷರಾಗಿದ್ದ ಆಸಿಮ್ ಸಲಾಂರಂತಹವರು ಬಹಿರಂಗವಾಗಿ ಟೀಕಿಸಿದರು. ಯೋಜನೆ ನಿಲ್ಲಲಿಲ್ಲ.

ಕಂಪೆನಿಯ ಪರ ಒಂದು ವಾದವಿತ್ತು, ಅದನ್ನು ತಳ್ಳಿಹಾಕುವಂತಿಲ್ಲ. ತಲೆಮಾರುಗಳಿಂದ ಹಂಚಿಕೆಯಾಗುತ್ತಾ ಬಂದ ಒಂದೊಂದು ನಿವೇಶನಕ್ಕೂ ಹತ್ತಾರು ವಾರೀಸುದಾರರು. ಅವರಲ್ಲಿ ಕೆಲವರು ಬ್ರೆಝಿಲಿನಲ್ಲಿ, ಕೆಲವರು ಪಶ್ಚಿಮ ಆಫ್ರಿಕಾದಲ್ಲಿ. ಮೇಲಿಂದ ಬಾಡಿಗೆದಾರರು. ಇವರನ್ನೆಲ್ಲ ಒಟ್ಟುಗೂಡಿಸಿ ಕಟ್ಟಡ ಎಬ್ಬಿಸುವುದೆಂದು? ಸರಕಾರದ ಬಳಿ ಹಣವೂ ಇರಲಿಲ್ಲ. ಆದರೆ ಕಷ್ಟದ ಕೆಲಸವೆಂಬ ಕಾರಣಕ್ಕೆ ಮಾಲಕನನ್ನೇ ಇಲ್ಲವಾಗಿಸುವುದು ಪರಿಹಾರವೇ? ಉಳಿಸಿಕೊಳ್ಳಲು ಆಯ್ದ ಇನ್ನೂರೈವತ್ತಕ್ಕೂ ಹೆಚ್ಚು ಕಟ್ಟಡಗಳ ಮಾಲಕರಿಗೆ ಮರಳಿ ಪಡೆಯುವ ಅವಕಾಶವೇನೋ ಇತ್ತು. ಆದರೆ ಕಂಪೆನಿಗೆ ಶುಲ್ಕ ಕಟ್ಟಬೇಕು, ಅದರ ಷರತ್ತಿನಂತೆ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಬೇಕು. ಹದಿನೈದು ವರ್ಷ ದುಡಿಮೆಯಿಲ್ಲದವನ ಬಳಿ ಅಷ್ಟು ದುಡ್ಡೆಲ್ಲಿ? ಉಳಿದವು ಡೈನಮೈಟಿಗೆ ಹೋದವು. ಯುದ್ಧ ಕೆಡವಿದ್ದಕ್ಕಿಂತ ಯುದ್ಧಾನಂತರ ಕೆಡವಿದ್ದೇ ಹೆಚ್ಚೆಂಬುದು ಟೀಕಾಕಾರರ ಲೆಕ್ಕ.

ಎಲ್ಲರಿಗಿಂತ ಹೆಚ್ಚು ಸೋತವನು ಬಾಡಿಗೆ ಅಂಗಡಿಯವನು ಎಂದು ನನಗನಿಸುತ್ತದೆ. ಹಳೆಯ ಬಾಡಿಗೆ ಕಾನೂನಿನ ಪ್ರಕಾರ ಅವನನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ನಮ್ಮಲ್ಲಿ ಪಗಡಿ ಎನ್ನುವಂತಹ ಮೊತ್ತ ಕೊಟ್ಟು ಪಡೆದ ಜಾಗವದು. ಅವನ ಪಾಲಿಗೂ ಷೇರುಗಳು ಬಂದವು ನಿಜ. ಆದರೆ ಅವನ ಆಸ್ತಿಯೆಂದರೆ ಗೋಡೆಯಲ್ಲ. ಆ ಮೂಲೆ, ಪಕ್ಕದ ಅಂಗಡಿಯವನ ಚಿಲ್ಲರೆ, ಬುರ್ಜ್‌ನಲ್ಲಿ ಇಳಿದು ಬರುವ ಪರಿಚಿತ ಮುಖ. ಇದಕ್ಕೆ ಯಾವ ಮೌಲ್ಯಮಾಪನ ಸಮಿತಿ ಬೆಲೆ ಕಟ್ಟೀತು? 2000ದ ದಶಕದ ಆರಂಭದಲ್ಲಿ ಆ ಷೇರುಗಳೂ ಮುಖಬೆಲೆಗಿಂತ ಕೆಳಗಿಳಿದವು.

ಇನ್ನು ಬುರ್ಜ್ ಚೌಕ. ಸುತ್ತಲಿನ ಕಟ್ಟಡಗಳು ನೆಲಸಮವಾದವು. ಬಸ್ಸು, ಟ್ಯಾಕ್ಸಿಗಳ ನಿಲ್ದಾಣ ಮರಳಿ ಬರಲಿಲ್ಲ. ಖಾಲಿ ಬಿದ್ದ ಜಾಗ ವರ್ಷಗಟ್ಟಲೆ ಕಾರು ನಿಲ್ಲಿಸುವ ಮೈದಾನವಾಯಿತು. ಹಳೆಯ ಸೂಕ್‌ಗಳ ಜಾಗದಲ್ಲಿ, ಸ್ಪೇನಿನ ವಾಸ್ತುಶಿಲ್ಪಿ ರಫಾಯೆಲ್ ಮೊನೆಯೊರವರ ವಿನ್ಯಾಸದ ‘ಬೈರೂತ್ ಸೂಕ್ಸ್’ 2009ರಲ್ಲಿ ತೆರೆಯಿತು. ಹೆಸರು ಸೂಕ್, ಒಳಗೆ ವಿದೇಶೀ ಬ್ರಾಂಡ್‌ಗಳ ಮಳಿಗೆ, ಅಡಿಯಲ್ಲಿ 2,000ಕ್ಕೂ ಹೆಚ್ಚು ಕಾರುಗಳಿಗೆ ಜಾಗ. ಟ್ಯಾಕ್ಸಿಯಲ್ಲಿ ಬರುವವನ ಪೇಟೆ ಸ್ವಂತ ಕಾರಿನಲ್ಲಿ ಬರುವವನ ಪೇಟೆಯಾಯಿತು.

ಆ ಮಳಿಗೆಗಳ ನಡುವೆ ಗುಮ್ಮಟವಿರುವ ಸಣ್ಣ ಕಲ್ಲಿನ ಕೋಣೆಯೊಂದಿದೆ. 1517ರ ಇಬ್ನ್ ಇರಾಕ್ ಝಾವಿಯ, ಮಮ್ಲೂಕರ ಕಾಲದ್ದು. ಅಂಗಡಿಗಳನ್ನು ಕೆಡವುವಾಗ ಅದು ಬೆಳಕಿಗೆ ಬಂದು ಉಳಿಯಿತು. ಮಸೀದಿ, ಇಗರ್ಜಿಗಳನ್ನೂ ಕಂಪೆನಿ ಮುಟ್ಟುವಂತಿರಲಿಲ್ಲ. ಧಾರ್ಮಿಕ ಕಟ್ಟಡಗಳಿಗೆ ವಿನಾಯಿತಿಯಿತ್ತು. 1925ರ ಸುಮಾರಿಗೆ ಕಟ್ಟಿದ ಯಹೂದ್ಯರ ಮಾಘೆನ್ ಅಬ್ರಹಾಂ ಮಂದಿರವೂ ನಿಂತಿದೆ. ಪ್ರಾರ್ಥನಾಲಯಗಳು ಉಳಿದವು, ಸುತ್ತಲಿನ ಜಮಾಅತ್ ಚದುರಿಹೋಯಿತು. ಇದನ್ನು ಗೆಲುವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆ ಉಳಿದ ಮಸೀದಿಗಳಲ್ಲಿ ದೊಡ್ಡದು ಅಲ್ ಉಮರಿ. ದ್ವಿತೀಯ ಖಲೀಫ ಹ. ಉಮರ್(ರ)ರ ಹೆಸರಿನದು. ಅವರ ಕುರಿತ ಒಂದು ವರದಿ ಇಲ್ಲಿ ನೆನಪಾಗುತ್ತದೆ. ಮದೀನದಲ್ಲಿ ಮಸ್ಜಿದುನ್ನಬವಿಯನ್ನು ವಿಸ್ತರಿಸಬೇಕಾಗಿತ್ತು. ಪ್ರವಾದಿ(ಸ)ಯವರ ಚಿಕ್ಕಪ್ಪ ಹ. ಅಬ್ಬಾಸ್(ರ)ರ ಮನೆ ಅಡ್ಡವಿತ್ತು. ಮಾರಲು ಅವರು ಒಪ್ಪಲಿಲ್ಲ. ಪ್ರಕರಣ ಹ. ಉಬಯ್ಯ್ ಬಿನ್ ಕಅಬ್(ರ)ರ ಮುಂದೆ ಹೋಯಿತು. ತೀರ್ಪು ಖಲೀಫರ ವಿರುದ್ಧ ಬಂತು, ಖಲೀಫರು ತಲೆಬಾಗಿದರು. ಆನಂತರವೇ ಅಬ್ಬಾಸ್(ರ) ಮನೆಯನ್ನು ಸ್ವಇಚ್ಛೆಯಿಂದ, ಬೆಲೆ ಪಡೆಯದೆ ಬಿಟ್ಟುಕೊಟ್ಟರು. ಮಸೀದಿಗಿಂತ ದೊಡ್ಡ ಸಾರ್ವಜನಿಕ ಉದ್ದೇಶ ಆ ಸಮಾಜಕ್ಕೆ ಯಾವುದಿತ್ತು? ಆದರೂ ‘ಇಲ್ಲ’ ಎನ್ನುವ ಹಕ್ಕು ಮಾಲಕನಲ್ಲಿತ್ತು. ಬೈರೂತ್‌ನ ಅಂಗಡಿಯವನಿಗೆ ಇಲ್ಲದೇ ಹೋದದ್ದು ಅದೇ.

2015ರಲ್ಲಿ ಕಸ ವಿಲೇವಾರಿಯ ವೈಫಲ್ಯದ ವಿರುದ್ಧ ಯುವಕರು ನಗರಕೇಂದ್ರಕ್ಕೆ ನುಗ್ಗಿದರು. ಅಲ್ಲಿನ ವ್ಯಾಪಾರ ಹಾಳಾಗುತ್ತಿದೆಯೆಂದು ಸಿಟ್ಟಾದ ವರ್ತಕರ ನಾಯಕರೊಬ್ಬರು, ಈ ಪ್ರದೇಶ ‘ಅಬೂ ರಖೂಸ’ ಆಗಲು ಬಿಡುವುದಿಲ್ಲ ಎಂದರು. ಅಗ್ಗದ ಮಾಲಿನ ಸಂತೆಗೆ ಜನ ಹೇಳುವ ಹೆಸರದು. ಅದೇ ಸೆಪ್ಟೆಂಬರಿನಲ್ಲಿ ಚಳವಳಿಗಾರರು ನಗರಕೇಂದ್ರದಲ್ಲೇ ಒಂದು ಸಂತೆ ಕಟ್ಟಿದರು. ಹಳೆ ಬಟ್ಟೆ, ತಿಂಡಿ, ಜೋಳ, ಕಾಫಿ ಮಾರಿದರು. ಸಂತೆಗೆ ಅಬೂ ರಖೂಸ ಎಂದೇ ಹೆಸರಿಟ್ಟರು.