ಮ್ಯಾಮತ್ ಅಳಿದದ್ದು ಹೇಗೆ: ಎರಡು ದ್ವೀಪಗಳ ಸಾಕ್ಷ್ಯ

1796ರಲ್ಲಿ ಪ್ಯಾರಿಸ್‌ನ ಜಾರ್ಜ್ ಕುವಿಯೇ ಭಾರತ ಮತ್ತು ಆಫ್ರಿಕಾದ ಆನೆಗಳ ದವಡೆಹಲ್ಲುಗಳನ್ನು ಸೈಬೀರಿಯಾದ ಮ್ಯಾಮತ್‌ನ ಹಲ್ಲುಗಳೊಂದಿಗೆ ಹೋಲಿಸಿ, ಮ್ಯಾಮತ್ ಬೇರೆಯೇ ಪ್ರಭೇದ, ಅದೀಗ ಭೂಮಿಯ ಮೇಲಿಲ್ಲ ಎಂದು ಸಾರಿದ. ಒಂದು ಜೀವಕುಲವೇ ನಿರ್ನಾಮವಾಗಬಲ್ಲದು ಎಂಬುದನ್ನು ಅಂದಿನ ಹಲವು ವಿದ್ವಾಂಸರು ಒಪ್ಪುತ್ತಿರಲಿಲ್ಲ. ಹಠಾತ್ ಉತ್ಪಾತವೇ ಕಾರಣವೆಂಬುದು ಕುವಿಯೇಯ ನಂಬಿಕೆ.

ಇಪ್ಪತ್ತನೆಯ ಶತಮಾನದಲ್ಲಿ ವಾದ ಎರಡು ಬಣವಾಯಿತು. ಮನುಷ್ಯನ ಬೇಟೆಯೇ ಕಾರಣವೆಂದು 1960ರ ದಶಕದಲ್ಲಿ ಅಮೆರಿಕದ ಪಾಲ್ ಮಾರ್ಟಿನ್ ಹೇಳಿದರು. ಎದುರು ಬಣದವರು ಹವಾಮಾನದತ್ತ ಬೊಟ್ಟು ಮಾಡಿದರು. ಹಿಮಯುಗ ಮುಗಿದು ನೆಲ ತೇವಗೊಂಡಂತೆ ಒಣ ಹುಲ್ಲುಗಾವಲಿನ ಜಾಗದಲ್ಲಿ ಪಾಚಿ, ಪೊದೆ, ಜೌಗು ಹರಡಿ ಮೇವು ತಪ್ಪಿತೆಂಬುದು ಅವರ ವಾದ. ಇದು ನಿಜವೇ. ಆದರೆ ಸುಮಾರು 1,25,000 ವರ್ಷಗಳ ಹಿಂದಿನ ಬಿಸಿ ಕಾಲವನ್ನು ಇದೇ ಮ್ಯಾಮತ್ ದಾಟಿತ್ತು. ಆಗ ತಂಪು ನೆಲೆಗಳಿಗೆ ಸರಿದು ಉಳಿದವು, ಚಳಿ ಮರಳಿದಾಗ ಮತ್ತೆ ಹಬ್ಬಿದವು. ಈ ಸಲ ಆ ನೆಲೆಗಳಲ್ಲಿ ಈಟಿ ಹಿಡಿದ ಮನುಷ್ಯನೂ ಇದ್ದ. ಮುಖ್ಯಭೂಮಿಯ ಮಟ್ಟಿಗೆ ಬೇಟೆಯನ್ನು ಬಿಟ್ಟು ಲೆಕ್ಕ ಹೊಂದಿಸಲಾಗದು ಎಂದೇ ನನ್ನ ಅಭಿಪ್ರಾಯ.

ಮನುಷ್ಯನಿಲ್ಲದ ಕಡೆ ಏನಾಯಿತು? ಅಲಾಸ್ಕದ ಸೇಂಟ್ ಪಾಲ್ ದ್ವೀಪಕ್ಕೆ ಜನ ಕಾಲಿಟ್ಟಿದ್ದು 1787ರಲ್ಲಿ. ಅಲ್ಲಿನ ಮ್ಯಾಮತ್‌ಗಳು ಸುಮಾರು 5,600 ವರ್ಷಗಳ ಹಿಂದೆಯೇ ಮುಗಿದಿದ್ದವು. ಒಂದು ಕೆರೆಯ ತಳದ ಹೂಳನ್ನು ಕೊಳವೆಯಲ್ಲಿ ತೆಗೆದು ಪದರ ಪದರವಾಗಿ ಓದಿದ ಸಂಶೋಧಕರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಲದ್ದಿಯ ಮೇಲೆ ಬೆಳೆಯುವ ಶಿಲೀಂಧ್ರದ ಬೀಜಕಗಳೂ ಮ್ಯಾಮತ್‌ನ ಡಿಎನ್‌ಎಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಿಲ್ಲುತ್ತವೆ. ಅದೇ ಹೊತ್ತಿಗೆ ಕೆರೆಯ ನೀರು ಇಳಿದು ಕದಡಿತ್ತೆಂದು ಅದರಲ್ಲಿದ್ದ ಸೂಕ್ಷ್ಮಜೀವಿಗಳ ಅವಶೇಷ ಹೇಳುತ್ತದೆ. ಕಡಲು ಏರಿ ದ್ವೀಪ ಕುಗ್ಗಿತು, ಸಿಹಿನೀರಿನ ನೆಲೆಗಳು ವಿರಳವಾದವು. ಉಳಿದ ಕೆರೆಯ ಸುತ್ತ ಹಿಂಡು ಮುತ್ತಿ ದಡದ ಹುಲ್ಲನ್ನು ತುಳಿದು ಹಾಕಿತು, ಮಣ್ಣು ಕೊಚ್ಚಿ ಬಂದು ಕೆರೆ ಹೂಳಿತು. ಅವು ಸತ್ತದ್ದು ಬಾಯಾರಿಕೆಯಿಂದ. ಓದುವಾಗ ಸಂಕಟವಾಗುತ್ತದೆ.

ಆರ್ಕ್ಟಿಕ್‌ನ ರಾಂಗೆಲ್ ದ್ವೀಪದಲ್ಲಿ ಕತೆ ಬೇರೆ. ಅಲ್ಲಿ ಮ್ಯಾಮತ್ ಸುಮಾರು 4,000 ವರ್ಷಗಳ ಹಿಂದಿನವರೆಗೂ ಬದುಕಿತ್ತೆಂದು 1993ರಲ್ಲಿ ರಷ್ಯಾದ ವಿಜ್ಞಾನಿಗಳು ತೋರಿಸಿದರು. ಅಂದರೆ ಮೊಹೆಂಜೊದಾರೊದ ಬೀದಿಗಳಲ್ಲಿ ಜನ ಓಡಾಡುತ್ತಿದ್ದ ಕಾಲದಲ್ಲೂ ಅದಿತ್ತು! ಸುಮಾರು 10,000 ವರ್ಷಗಳ ಹಿಂದೆ ದ್ವೀಪ ಬೇರ್ಪಟ್ಟಾಗ ಉಳಿದದ್ದು ಹೆಚ್ಚೆಂದರೆ ಎಂಟು ಪ್ರಾಣಿಗಳು ಎಂದು 2024ರ ಜಿನೋಮ್ ಅಧ್ಯಯನ ಅಂದಾಜಿಸಿದೆ. ಇಪ್ಪತ್ತು ತಲೆಮಾರುಗಳೊಳಗೆ ಅವು 200ರಿಂದ 300ಕ್ಕೆ ಏರಿ, ಆರು ಸಾವಿರ ವರ್ಷ ಹಾಗೆಯೇ ನಿಂತವು. ಒಳಸಂತಾನದ ದೋಷಗಳಿದ್ದರೂ ಅತಿ ಹಾನಿಕರ ರೂಪಾಂತರಗಳು ನಿಧಾನವಾಗಿ ಕಳಚಿಹೋಗುತ್ತಿದ್ದವು. ಹಾಗಾಗಿ ವಂಶ ಒಳಗಿಂದೊಳಗೇ ಕೊಳೆತು ಅಳಿಯಿತೆಂಬ ಹಳೆಯ ವಿವರಣೆ ಈಗ ನಿಲ್ಲುವುದಿಲ್ಲ. ದ್ವೀಪದಲ್ಲಿ ಮನುಷ್ಯನ ಮೊದಲ ಕುರುಹು ಸಿಗುವುದು ಕೊನೆಯ ಮ್ಯಾಮತ್ ಸತ್ತು ಕೆಲವು ಶತಮಾನಗಳಾದ ಮೇಲೆ. ಉಳಿಯುವುದು ರೋಗವೋ, ಹವಾಮಾನದ ಒಂದು ಕೆಟ್ಟ ಹೊಡೆತವೋ ತಂದ ಹಠಾತ್ ಸಾವು. ವಂಶವಾಹಿಗಳ ವೈವಿಧ್ಯ ಅಷ್ಟು ಕುಗ್ಗಿದ್ದ ಹಿಂಡಿಗೆ ಅಂಥ ಪೆಟ್ಟನ್ನು ತಡೆಯುವ ಶಕ್ತಿ ಇದ್ದಿರಲಾರದು.