ಹುಂಜದ ಕಾಟಕ್ಕೆ ಎರಡು ಸಾವಿರ ವರ್ಷ

ಹಿತ್ತಿಲಿನ ಹೇಂಟೆಯ ಬೆನ್ನು ಬೋಳಾದರೆ ನಾವು ಮೊದಲು ಹೇನು ಅಥವಾ ರೋಗ ಎಂದುಕೊಳ್ಳುತ್ತೇವೆ. ಆದರೆ ಬೆನ್ನಿನ ಜೊತೆ ಕತ್ತಿನ ಹಿಂಭಾಗದ ಪುಕ್ಕವೂ ಉದುರಿ, ರೆಕ್ಕೆಯ ಬುಡದಲ್ಲಿ ಗೀರು ಗಾಯ ಕಂಡರೆ ಒಮ್ಮೆ ಹುಂಜದ ಕಡೆ ನೋಡಿ. ಹೇಂಟೆಯ ಮೇಲೆ ಹತ್ತುವಾಗ ಅದು ಕೊಕ್ಕಿನಿಂದ ಕತ್ತು ಕಚ್ಚುತ್ತದೆ, ಉಗುರು ಊರಿ ನಿಲ್ಲುತ್ತದೆ. ದಿನವಿಡೀ ಇದೇ ಆದರೆ ಹೇಂಟೆ ಕಾಳು ತಿನ್ನಲು ಬರುವುದಕ್ಕೂ ಹೆದರಿ ಮೂಲೆ ಸೇರುತ್ತದೆ. ಮೊಟ್ಟೆ ಕಡಿಮೆಯಾಗುತ್ತದೆ. ಮೊಟ್ಟೆ ಮಾರಿ ಮನೆಖರ್ಚು ತೂಗಿಸುವ ಹೆಣ್ಣುಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ.

ಈ ತಲೆನೋವು ನಮ್ಮ ಕಾಲದ್ದು ಮಾತ್ರವಲ್ಲ. ಮನೆಕೋಳಿಯ ಮೂಲ ಕೆಂಪು ಕಾಡುಕೋಳಿ. ಕಾಡಿನಲ್ಲಿ ಹುಂಜ ಬೆನ್ನಟ್ಟಿದರೆ ಹೇಂಟೆಗೆ ಓಡಲು ಜಾಗವಿದೆ, ಅವಿತುಕೊಳ್ಳಲು ಪೊದೆ ಇದೆ. ಮನುಷ್ಯ ಕೋಳಿಯನ್ನು ಅಂಗಳಕ್ಕೆ ತಂದ. ಪೊದೆ ಕಾಡಿನಲ್ಲೇ ಉಳಿಯಿತು, ಹುಂಜದ ಗುಣ ಮಾತ್ರ ಜೊತೆಗೆ ಬಂತು.

ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಗ್ರೀಸ್ ದೇಶದ ಅರಿಸ್ಟಾಟಲ್, ಹುಂಜದ ಹಿಂಭಾಗಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕಿ ಬೀಜ ಕೆಡಿಸುವ ಪದ್ಧತಿಯ ಬಗ್ಗೆ ಬರೆದಿದ್ದಾನೆ. ಹಾಗೆ ಮಾಡಿದರೆ ಜುಟ್ಟು ಬಿಳಿಚಿಕೊಳ್ಳುತ್ತದೆ, ಹುಂಜ ಕೂಗುವುದಿಲ್ಲ, ಹೇಂಟೆಯ ತಂಟೆಗೂ ಹೋಗುವುದಿಲ್ಲ ಎಂದು ಗಮನಿಸಿದ್ದ.

ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಬರಹಗಾರ ಕೊಲುಮೆಲ್ಲ ಬೇಸಾಯದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದವನು. ಅದರಲ್ಲಿ ಕೋಳಿಗಳ ಲೆಕ್ಕವೂ ಇದೆ. ಸಾಮಾನ್ಯ ತಳಿಯಾದರೆ ಒಂದು ಹುಂಜಕ್ಕೆ ಐದು ಹೇಂಟೆ. ಮೈಭಾರದ ತಳಿಗಳ ಹುಂಜಕ್ಕೆ ಹುರುಪು ಕಡಿಮೆ, ಅದಕ್ಕೆ ಮೂರು ಸಾಕು. ಕೆಲವು ಜಗಳಗಂಟ ಹುಂಜಗಳು ತಾವೂ ಎಲ್ಲ ಹೇಂಟೆಗಳನ್ನು ಕೂಡಲಾರವು, ಬೇರೆ ಹುಂಜಗಳನ್ನೂ ಬಿಡವು ಎಂದು ಅವನು ದೂರುತ್ತಾನೆ. ಅಂಥವಕ್ಕೆ ಅವನ ಉಪಾಯ ಹೀಗಿತ್ತು: ಹಳೆಯ ಚರ್ಮವನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಹುಂಜದ ಕಾಲಿಗೆ ತೊಡಿಸುವುದು. ಬೇಡಿ ಹಾಕಿದ ಹಾಗೆ ಅದರ ಆರ್ಭಟ ಇಳಿಯುತ್ತಿತ್ತಂತೆ.

ಬೀಜ ತೆಗೆದರೆ ಹುಂಜ ತಣ್ಣಗಾಗುವುದು ಎಲ್ಲರಿಗೂ ಗೊತ್ತಿತ್ತು. ಏಕೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು 1849ರಲ್ಲಿ, ಜರ್ಮನಿಯ ಗಟ್ಟಿಂಗೆನ್ ಊರಿನಲ್ಲಿ. ಅರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆ ಹುಂಜಗಳನ್ನು ತೆಗೆದುಕೊಂಡ. ಎರಡಕ್ಕೆ ಬೀಜ ಪೂರ್ತಿ ತೆಗೆದ. ಉಳಿದ ನಾಲ್ಕಕ್ಕೆ ಒಂದೊಂದು ಬೀಜವನ್ನು ಮಾತ್ರ, ಅದು ಇದ್ದ ಜಾಗದಿಂದ ಬಿಡಿಸಿ, ಹೊಟ್ಟೆಯೊಳಗೇ ಉಳಿಸಿದ. ಇವುಗಳಲ್ಲಿ ಎರಡು ಹುಂಜಗಳ ಬೀಜವನ್ನು ಅದಲುಬದಲು ಮಾಡಿಯೇ ಇಟ್ಟಿದ್ದ.

ಬೀಜ ಪೂರ್ತಿ ಕಳೆದುಕೊಂಡವು ಮೆತ್ತಗಾದವು. ಉಳಿದ ನಾಲ್ಕಕ್ಕೆ ಜುಟ್ಟು ಕೆಂಪಗೆ ಬೆಳೆಯಿತು. ಅವು ಕೂಗಿದವು, ಕಾದಾಡಿದವು, ಹೇಂಟೆಯನ್ನು ಬೆನ್ನಟ್ಟಿದವು. ಕೊಯ್ದು ನೋಡಿದಾಗ ಬೀಜ ಕರುಳಿಗೆ ಅಂಟಿಕೊಂಡಿತ್ತು. ಹೊಸದಾಗಿ ರಕ್ತನಾಳ ಬೆಳೆದಿತ್ತು, ಆದರೆ ಹಳೆಯ ನರಗಳ ಸಂಪರ್ಕ ಇರಲಿಲ್ಲ. ಬೀಜದ ಪ್ರಭಾವ ರಕ್ತದ ಮೂಲಕವೇ ಮೈಗೆಲ್ಲ ಹರಿಯುತ್ತದೆ ಎಂದು ಬರ್ಟೋಲ್ಡ್ ತೀರ್ಮಾನಿಸಿದ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಹೋರಿಯ ಬೀಜದಿಂದ ಆ ವಸ್ತುವನ್ನು ಬೇರ್ಪಡಿಸಿ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟರು. ಇಂದು ಹಾರ್ಮೋನ್ ಎಂದು ಡಾಕ್ಟರು ಹೇಳುವ ವಿದ್ಯೆಯ ಮೊದಲ ಪ್ರಯೋಗಗಳಲ್ಲಿ ಆ ಆರು ಹುಂಜಗಳದ್ದೂ ಒಂದು.

ಈ ಕಥೆಯಿಂದ ನಮ್ಮ ಹಿತ್ತಿಲಿಗೆ ಒಂದು ಮಾತು ಸಿಗುತ್ತದೆ. ಹುಂಜದ ಹಟ ಅದರ ರಕ್ತದಲ್ಲೇ ಇದೆ. ಕೋಲಿನಿಂದ ಹೊಡೆದರೆ ಅದು ಹೋಗುವುದಿಲ್ಲ. ಬೀಜ ತೆಗೆಯುವ ಕೆಲಸಕ್ಕಂತೂ ಮನೆಯಲ್ಲಿ ಕೈ ಹಾಕಬೇಡಿ. ಹುಂಜದ ಬೀಜ ಹೋರಿಯದರಂತೆ ಹೊರಗಿಲ್ಲ, ಬೆನ್ನುಮೂಳೆಗೆ ಅಂಟಿದಂತೆ ಹೊಟ್ಟೆಯೊಳಗಿದೆ. ಕೊಯ್ದರೆ ಕೋಳಿ ನರಳಿ ಸಾಯಬಹುದು.

ನಮ್ಮ ಕೈಯಲ್ಲಿ ಇರುವುದು ಕೊಲುಮೆಲ್ಲ ಹೇಳಿದ ಲೆಕ್ಕ. ಈಗ ಸಾಮಾನ್ಯವಾಗಿ ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಇರಲಿ ಎನ್ನುತ್ತಾರೆ. ಆದರೆ ಒಂದು ಕಾವಿನಲ್ಲಿ ಹೊರಬರುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಜಾತ್ರೆಗೆ, ಹಬ್ಬಕ್ಕೆ ಎಂದು ಅವನ್ನೆಲ್ಲ ಹಿಂಡಿನಲ್ಲೇ ಬಿಟ್ಟರೆ ಪೆಟ್ಟು ಹೇಂಟೆಗಳಿಗೆ. ಕೂಗಲು ಶುರುಮಾಡಿದ ಹುಂಜಗಳನ್ನು ಬೇರೆ ಗೂಡಿಗೆ ಹಾಕಿ, ಇಲ್ಲವೇ ಮಾರಿ. ಗಾಯವಾದ ಹೇಂಟೆಯನ್ನು ಪುಕ್ಕ ಬರುವವರೆಗೆ ಹುಂಜದಿಂದ ದೂರ ಇಡಿ. ಕೋಳಿಗಳು ಓಡಾಡುವ ಕಡೆ ನಾಲ್ಕು ಸೌದೆ ಕಟ್ಟು, ಒಂದು ಮುರುಕು ಬುಟ್ಟಿ ಇಟ್ಟರೂ ಹೇಂಟೆಗೆ ಅವಿತುಕೊಳ್ಳಲು ಮರೆ ಸಿಗುತ್ತದೆ.

ಹುಂಜವನ್ನು ಬೇರೆ ಹಾಕಿದರೆ ಮೊಟ್ಟೆ ನಿಂತುಹೋಗುತ್ತದೆ ಎಂಬ ಹೆದರಿಕೆ ಬೇಡ. ಹುಂಜ ಬೇಕಿರುವುದು ಮರಿಗೆ, ಮೊಟ್ಟೆಗಲ್ಲ. ಒಮ್ಮೆ ಕೂಡಿದ ಮೇಲೆ ಹೇಂಟೆ ಸುಮಾರು ಎರಡು ವಾರ ಮರಿಯಾಗುವ ಮೊಟ್ಟೆಯನ್ನೇ ಇಡಬಲ್ಲದು. ತನ್ನ ಹುಂಜ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಹುಂಜ ಇಲ್ಲದಿದ್ದರೂ ಬೆಳಗಾಯಿತು. ಮೊಟ್ಟೆಯ ವಿಷಯವೂ ಅಷ್ಟೇ.